4,29,49,67,297 ಅವಿಭಾಜ್ಯವೇ?

ಗೆಳೆಯರೇ, ಮೇಲಿನ ಸಂಖ್ಯೆಯನ್ನು ಮೊದಲು ಓದಿ ನೋಡಿ: ನಾಲ್ಕು ನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಚದುರಂಗದ ಮೊದಲ ಮನೆಗೆ ಒಂದು ಜೋಳದ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿ ಮಾಡುತ್ತಾ ಹೋಗಿ. 33ನೆಯ ಮನೆಯ ಕಾಳಿಗೆ ಇನ್ನೊಂದೇ ಕಾಳು ಸೇರಿಸಿದರೆ ಈ ಸಂಖ್ಯೆ ಬರುತ್ತದೆ. ಅಂದರೆ 2ರ 32ನೆಯ ಘಾತಕ್ಕೆ 1 ಕೂಡಿಸಿದ್ದು.

ಇದರ ಕಥೆ ಫ್ರಾನ್ಸ್ ದೇಶದ ಫರ್ಮಾನಿಂದ ಶುರು. ಅವನ ಕಸುಬು ಕಾನೂನು, ಗಣಿತ ಬಿಡುವಿನ ಹುಚ್ಚು. 2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದರೆ 3, 5, 17, 257, 65,537 ಬರುತ್ತವೆ. ಐದೂ ಅವಿಭಾಜ್ಯ! ಘಾತವನ್ನು ಹೀಗೇ ಇಮ್ಮಡಿಸುತ್ತಾ ಹೋದರೆ ಮುಂದಿನವೆಲ್ಲ ಅವಿಭಾಜ್ಯವೇ ಎಂದು 1640ರಲ್ಲಿ ಅವನು ನಂಬಿದ. ಸಾಧನೆ ಮಾತ್ರ ಸಿಕ್ಕಿರಲಿಲ್ಲ. ಆ ಸಾಲಿನಲ್ಲಿ ಆರನೆಯದೇ ನಮ್ಮ ಸಂಖ್ಯೆ.

ಇದನ್ನು ಪರೀಕ್ಷಿಸೋದು ಸುಲಭವಲ್ಲ. ನಮ್ಮ ಪಾಠದ ರೀತಿಯಲ್ಲಿ, ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಲ್ಲ? ಇದರ ವರ್ಗಮೂಲ 65,536ಕ್ಕಿಂತ ಒಂದು ಚೂರು ಹೆಚ್ಚು. ಅಲ್ಲಿಯವರೆಗೆ ಅವಿಭಾಜ್ಯಗಳು 6,542. ಬೇಸಿಗೆ ರಜೆ ಪೂರ್ತಿ ಕೂತರೂ ಮುಗಿಯೋದು ಅನುಮಾನ.

1732ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ 25 ವರ್ಷದ ಆಯ್ಲರ್ ಎಂಬ ಗಣಿತಜ್ಞ, ಇದು 641ರಿಂದ ಭಾಗವಾಗುತ್ತದೆ ಎಂದು ತೋರಿಸಿದ. ಆಮೇಲೆ ಒಂದು ನಿಯಮವನ್ನೂ ಸಾಧಿಸಿದ: ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅದರ ಸಾಧನೆ ನಮ್ಮ ತರಗತಿಗೆ ದೊಡ್ಡದು, ಬಿಡಿ. ಉಪಯೋಗ ನೋಡಿ! 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು ಐದೇ. ರಫ್ ಹಾಳೆಯಲ್ಲಿ ನಾನೇ ಭಾಗಿಸಿದೆ:

193ರಿಂದ – ಶೇಷ 109
257ರಿಂದ – ಶೇಷ 2
449ರಿಂದ – ಶೇಷ 325
577ರಿಂದ – ಶೇಷ 288
641ರಿಂದ – ಶೇಷ 0

ಐದನೆಯ ಭಾಗಾಕಾರಕ್ಕೇ ಸಿಕ್ಕಿತು! ಸುಮ್ಮನೆ 2, 3, 5, 7 ಅಂತ ಹೊರಟಿದ್ದರೆ 641ರ ಸರದಿ 116ನೆಯದು. ಭಾಗಲಬ್ಧ 67,00,417. ನಂಬಿಕೆ ಬಾರದಿದ್ದರೆ ತಾಳೆ ನೋಡಿ:

67,00,417 × 600 = 4,02,02,50,200
67,00,417 × 40 = 26,80,16,680
67,00,417 × 1 = 67,00,417
ಒಟ್ಟು = 4,29,49,67,297

ಫರ್ಮಾನಂಥ ಜಾಣನ ಮಾತನ್ನು ಮೂರು ಸಾಲಿನ ಗುಣಾಕಾರ ಬೀಳಿಸಿತು. 8 ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಈ ಉತ್ತರ ಹಿಡಿಸೋದಿಲ್ಲ, ಕೈಯಲ್ಲೇ ಮಾಡಬೇಕು. ಇನ್ನೂ ವಿಚಿತ್ರ ಏನೆಂದರೆ, ಅವನು ಕಂಡ ಆ ಐದನ್ನು ಬಿಟ್ಟರೆ ಈ ಸಾಲಿನಲ್ಲಿ ಮತ್ತೊಂದು ಅವಿಭಾಜ್ಯ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಸಾಧಿಸಿದವರೂ ಇಲ್ಲ.

ಏಳನೆಯದು 2ರ 64ನೆಯ ಘಾತಕ್ಕೆ 1 ಕೂಡಿಸಿದ್ದು, 20 ಅಂಕಿಯದು: 18446744073709551617. ಅದನ್ನು 1880ರಲ್ಲಿ ಲಾಂಡ್ರಿ ಎಂಬ 82 ವರ್ಷದ ಅಜ್ಜ 274177 × 67280421310721 ಎಂದು ಒಡೆದ. ಗುಣಿಸಿ ನೋಡುವವರು ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ, ಉದ್ದಕ್ಕೆ ಸಾಲೋದಿಲ್ಲ.