ಟ್ರ್ಯಾಕ್ಟರಿನ ಕ್ಲಚ್ಚು ಜಾರದಂತೆ ನೋಡಿಕೊಳ್ಳುವುದು ಹೇಗೆ?

ಟ್ರ್ಯಾಕ್ಟರು ಇಟ್ಟುಕೊಂಡಿರುವ ರೈತ ಬಾಂಧವರು ಬೆಳಗ್ಗೆ ಕಡ್ಡಿ ತೆಗೆದು ಎಂಜಿನ್ನಿನ ಎಣ್ಣೆ ನೋಡುತ್ತಾರೆ, ರೇಡಿಯೇಟರಿಗೆ ನೀರು ಹಾಕುತ್ತಾರೆ, ಟೈರಿನ ಗಾಳಿ ಪರೀಕ್ಷಿಸುತ್ತಾರೆ. ಕ್ಲಚ್ಚಿನ ನೆನಪು ಬರುವುದು ಸುಟ್ಟ ವಾಸನೆ ಮೂಗಿಗೆ ಬಡಿದಾಗ ಮಾತ್ರ. ಆ ಹೊತ್ತಿಗೆ ತಡವಾಗಿರುತ್ತದೆ. ಕ್ಲಚ್ ಪ್ಲೇಟು ಬದಲಾಯಿಸಬೇಕಾದರೆ ಟ್ರ್ಯಾಕ್ಟರನ್ನು ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಗುತ್ತದೆ. ಬಿಡಿಭಾಗದ ಬೆಲೆ, ಕೂಲಿ ಒಂದು ಕಡೆ. ಕಬ್ಬು ಸಾಗಿಸುವ ಅಥವಾ ನಾಟಿಯ ಕಾಲದಲ್ಲಿ ಕೆಲಸ ನಿಲ್ಲುವ ನಷ್ಟ ಇನ್ನೊಂದು ಕಡೆ. ಇದನ್ನು ತಪ್ಪಿಸಲು ಬೇಕಾಗುವುದು ಒಂದು ಅಳತೆಪಟ್ಟಿ, ಎರಡು ಸ್ಪ್ಯಾನರು ಮತ್ತು ಚಾಲಕನ ಎಡಗಾಲಿನ ಮೇಲೆ ಸ್ವಲ್ಪ ಹಿಡಿತ.

ಕಬ್ಬು ಬೆಳೆಯುವ ಹಳ್ಳಿಯೊಂದರಲ್ಲಿ ಒಬ್ಬ ರೈತರು ಒಂದೇ ಹಂಗಾಮಿನಲ್ಲಿ ಎರಡು ಪ್ಲೇಟು ಸುಟ್ಟುಕೊಂಡಿದ್ದರು. ಮೊದಲನೆಯದು ಹೋದಾಗ ಪ್ಲೇಟು ನಕಲಿ ಮಾಲು ಎಂದರು. ಎರಡನೆಯದಕ್ಕೆ ಟ್ರೇಲರಿನ ಭಾರ ಕಾರಣ ಎಂದರು. ಮೂರನೆಯ ಪ್ಲೇಟು ಹಾಕಿ ಕೆಲವೇ ದಿನಗಳಾಗಿದ್ದವು. ನಾನು ಪೆಡಲನ್ನು ಕೈಯಿಂದ ಒತ್ತಿ ನೋಡಿದೆ. ಒಂದು ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. "ಹೊಸ ಪ್ಲೇಟು, ಅದಕ್ಕೇ ಪೆಡಲು ಬಿಗಿಯಾಗಿದೆ" ಎಂದು ಅವರ ಸಮಾಧಾನ. ಬಹಳ ಮಂದಿ ನಂಬಿರುವುದು ಹೀಗೆಯೇ. ಆದರೆ ವಿಷಯ ಇದಕ್ಕೆ ತದ್ವಿರುದ್ಧ.

ಒಳಗೆ ನಡೆಯುವುದೇನು?

ಎಂಜಿನ್ನಿನ ಹಿಂಭಾಗದಲ್ಲಿ ಭಾರವಾದ ಫ್ಲೈವ್ಹೀಲು ತಿರುಗುತ್ತಿರುತ್ತದೆ. ಅದರ ಬೆನ್ನಿಗೆ ಕ್ಲಚ್ ಪ್ಲೇಟು, ಪ್ಲೇಟಿನ ಹಿಂದೆ ಪ್ರೆಷರ್ ಪ್ಲೇಟು. ಬಲವಾದ ಸ್ಪ್ರಿಂಗುಗಳು ಪ್ರೆಷರ್ ಪ್ಲೇಟನ್ನು ಒತ್ತಿ ಹಿಡಿಯುವುದರಿಂದ ಮೂರೂ ಒಂದಾಗಿ ತಿರುಗಿ, ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಗೆ ಹೋಗುತ್ತದೆ. ನೀವು ಪೆಡಲು ತುಳಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಫಿಂಗರುಗಳ ಒಳತುದಿಯನ್ನು ಒತ್ತುತ್ತದೆ. ಫಿಂಗರು ಕೆಲಸ ಮಾಡುವುದು ನಮ್ಮ ಬಾವಿಯ ಏತದಂತೆ: ಒಂದು ತುದಿ ಮುಂದೆ ಹೋದರೆ ಇನ್ನೊಂದು ತುದಿ ಹಿಂದೆ ಬರುತ್ತದೆ. ಪ್ರೆಷರ್ ಪ್ಲೇಟು ಹಿಂದೆ ಸರಿದು ಕ್ಲಚ್ ಪ್ಲೇಟು ಬಿಡುಗಡೆಯಾಗುತ್ತದೆ.

ಪ್ಲೇಟು ಸವೆದು ತೆಳುವಾದಾಗ ಪ್ರೆಷರ್ ಪ್ಲೇಟು ಫ್ಲೈವ್ಹೀಲಿನ ಕಡೆಗೆ ಇನ್ನಷ್ಟು ಸರಿಯುತ್ತದೆ. ಆಗ ಫಿಂಗರಿನ ಒಳತುದಿ ಹಿಂದಕ್ಕೆ, ಅಂದರೆ ರಿಲೀಸ್ ಬೇರಿಂಗಿನ ಕಡೆಗೆ ಬರುತ್ತದೆ. ಇವೆರಡರ ನಡುವೆ ಬಿಟ್ಟಿರುವ ತೆಳುವಾದ ಸಂದು ಮುಚ್ಚುತ್ತಾ ಹೋಗುತ್ತದೆ. ಆದುದರಿಂದ ಪ್ಲೇಟು ಸವೆದಷ್ಟೂ ಪೆಡಲಿನ ಸಡಿಲ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಸಂದು ಪೂರ್ತಿ ಮುಚ್ಚಿದ ಮೇಲೆ ಯಾರೂ ಪೆಡಲು ತುಳಿಯದಿದ್ದರೂ ಬೇರಿಂಗು ಫಿಂಗರನ್ನು ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗಿನ ಬಲ ಪ್ಲೇಟಿಗೆ ಪೂರ್ತಿ ಸಿಗದೆ ಪ್ಲೇಟು ಜಾರುತ್ತದೆ. ಜಾರಿದರೆ ಬೇಗ ಸವೆಯುತ್ತದೆ. ಸವೆದರೆ ಮತ್ತಷ್ಟು ಜಾರುತ್ತದೆ. ಹೊಸ ಪ್ಲೇಟು ಮೊದಲ ದಿನಗಳಲ್ಲಿ ಮೈ ಕೂಡಿಕೊಳ್ಳುವಾಗ ಸ್ವಲ್ಪ ಬೇಗನೆ ಸವೆಯುವುದರಿಂದ ಆ ರೈತರ ಟ್ರ್ಯಾಕ್ಟರಿನಲ್ಲಿ ಪ್ರತಿ ಬಾರಿಯೂ ಇದೇ ಆಗುತ್ತಿತ್ತು. ಪ್ಲೇಟು ಹಾಕಿದ ದಿನ ಅಳೆದವರುಂಟು, ಆಮೇಲೆ ಅಳೆದವರಿಲ್ಲ.

ಜಾರುವಿಕೆಯಿಂದ ಎಷ್ಟು ಶಾಖ ಹುಟ್ಟುತ್ತದೆಂದು ಲೆಕ್ಕ ಹಾಕಿ ನೋಡಿ. 35 ಅಶ್ವಶಕ್ತಿ ಎಂದರೆ ಸುಮಾರು 26 ಕಿಲೋವಾಟ್. ಎಂಜಿನ್ನು ಪೂರ್ಣ ಶಕ್ತಿಯಿಂದ ಎಳೆಯುವಾಗ ಕ್ಲಚ್ಚು ನೂರಕ್ಕೆ 10ರಷ್ಟು ಜಾರಿದರೆ 2.6 ಕಿಲೋವಾಟ್ ಶಕ್ತಿ ಪೂರ್ತಿ ಶಾಖವಾಗುತ್ತದೆ. 1,000 ವಾಟಿನ ಎರಡೂವರೆ ವಿದ್ಯುತ್ ಒಲೆಗಳನ್ನು ಆ ಮುಚ್ಚಿದ ಡಬ್ಬಿಯೊಳಗೆ ಹಚ್ಚಿಟ್ಟಂತೆ! ಡೀಸೆಲ್ ಖರ್ಚು ನಿಮ್ಮದೇ.

ಪೆಡಲಿನ 'ಪ್ಲೇ' ಅಳೆಯುವ ರೀತಿ

ಎಂಜಿನ್ನು ನಿಲ್ಲಿಸಿ. ಅಳತೆಪಟ್ಟಿಯನ್ನು ಪೆಡಲಿನ ಪಕ್ಕದಲ್ಲಿ ನಿಲ್ಲಿಸಿ ಪೆಡಲಿನ ಮಟ್ಟ ಗುರುತಿಸಿಕೊಳ್ಳಿ. ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲಗೆ ಒತ್ತಿ. ಮೊದಲು ಹಗುರವಾಗಿ ಹೋಗಿ, ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯುತ್ತದೆ. ಅಲ್ಲಿಯವರೆಗಿನ ದೂರವೇ ಮೆಕ್ಯಾನಿಕರು 'ಪ್ಲೇ' ಎನ್ನುವುದು. ಅನೇಕ ಟ್ರ್ಯಾಕ್ಟರುಗಳಲ್ಲಿ ಇದು 20ರಿಂದ 30 ಮಿ.ಮೀ., ಅಂದರೆ ಹೆಚ್ಚು ಕಡಿಮೆ ಒಂದು ಅಂಗುಲ ಇರುತ್ತದೆ. ಕೆಲವು ಮಾದರಿಗಳಲ್ಲಿ ಪೆಡಲಿನ ಬದಲು ಅಡಿಯಲ್ಲಿರುವ ಲಿವರಿನ ಬಳಿ ಅಳೆಯಬೇಕಾಗುತ್ತದೆ. ನಿಮ್ಮ ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕದಲ್ಲಿರುವ ಅಳತೆಯೇ ನಿಮಗೆ ಅಳತೆ. ಪಕ್ಕದ ಮನೆಯವರ ಟ್ರ್ಯಾಕ್ಟರಿನದಲ್ಲ. ಹೈಡ್ರಾಲಿಕ್ ಕ್ಲಚ್ಚಿರುವ ಟ್ರ್ಯಾಕ್ಟರುಗಳ ವಿಧಾನ ಬೇರೆ.

ಪ್ಲೇ ಕಡಿಮೆಯಿದ್ದರೆ ಪೆಡಲಿನಿಂದ ಕ್ಲಚ್ ಲಿವರಿಗೆ ಹೋಗುವ ಸರಳಿನ ಲಾಕ್‌ನಟ್ಟು ಸಡಿಲಿಸಿ, ಸರಳಿನ ಹೊಂದಾಣಿಕೆಯನ್ನು ಒಂದು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಯಾವ ಕಡೆ ತಿರುಗಿಸಿದರೆ ಪ್ಲೇ ಹೆಚ್ಚುತ್ತದೆಂಬುದು ಆಗ ಗೊತ್ತಾಗುತ್ತದೆ. ಅಳತೆ ಬಂದ ಮೇಲೆ ಲಾಕ್‌ನಟ್ಟು ಬಿಗಿ ಮಾಡಿ ಇನ್ನೊಮ್ಮೆ ಅಳೆಯುವುದನ್ನು ಮರೆಯಬೇಡಿ. ನಟ್ಟು ಬಿಗಿಯುವಾಗ ಸರಳು ತಿರುಗುವುದುಂಟು. ಪ್ಲೇ ಅತಿಯಾದರೂ ಕೇಡೇ. ಪೆಡಲು ಪೂರ್ತಿ ತುಳಿದರೂ ಪ್ಲೇಟು ಬಿಡುವುದಿಲ್ಲ, ಗೇರು ಕರಕರ ಎನ್ನುತ್ತದೆ. 50 ಗಂಟೆ ಕೆಲಸಕ್ಕೊಮ್ಮೆ ಅಳೆದು ಡೀಸೆಲ್ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ.

ಕ್ಲಚ್ಚು ಜಾರುತ್ತಿದೆಯೇ ಅಥವಾ ಚಕ್ರ ಜಾರುತ್ತಿದೆಯೇ ಎಂದು ಕೆಲವರಿಗೆ ಗೊಂದಲ. ಎಂಜಿನ್ನಿನ ಸದ್ದು ಏರಿದಾಗ ಹಿಂದಿನ ಚಕ್ರ ನೋಡಿ. ಚಕ್ರ ನಿಂತಲ್ಲೇ ಸುತ್ತುತ್ತಿದ್ದರೆ ನೆಲದ ಹಿಡಿತ ಸಾಲದು. ಸದ್ದು ಏರಿದರೂ ಚಕ್ರ ಏರದಿದ್ದರೆ ಕ್ಲಚ್ಚು ಜಾರುತ್ತಿದೆ.

ಪೆಡಲಿನ ಮೇಲೆ ವಿಶ್ರಮಿಸುವ ಕಾಲು

ಪ್ಲೇ ಸರಿಯಿದ್ದೂ ಪ್ಲೇಟು ಸುಡುವುದಕ್ಕೆ ಹೆಚ್ಚಿನ ಕಡೆ ಕಾರಣ ಒಂದೇ: ಚಾಲಕ ಉಳುಮೆ ಮುಗಿಯುವವರೆಗೂ ಎಡಗಾಲನ್ನು ಪೆಡಲಿನ ಮೇಲೆ ಇಟ್ಟಿರುತ್ತಾನೆ. ಕಾಲಿನ ಭಾರವಷ್ಟೇ ಸಾಕು, ಪ್ಲೇ ಮಾಯವಾಗುತ್ತದೆ. ಕೆರೆಯ ಹೂಳು ತೆಗೆಯಲು ಬರುವ ಲೋಡರುಗಳನ್ನು ನಡೆಸಿ ಬಂದ ಹುಡುಗರು ಟ್ರ್ಯಾಕ್ಟರಿಗೆ ಕೂತಾಗ ಇನ್ನೊಂದು ತೊಂದರೆ. ಅಂತಹ ಅನೇಕ ಯಂತ್ರಗಳಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅಲ್ಲಿ ಶಕ್ತಿಯನ್ನು ಸಾಗಿಸುವುದು ಎಣ್ಣೆ. ಭಾರ ಬಿದ್ದಾಗ ಅದು ಜಾರಲೆಂದೇ ಮಾಡಿದ್ದು. ಹುಟ್ಟಿದ ಶಾಖವನ್ನು ಎಣ್ಣೆಯೇ ಹೊತ್ತು ಕೂಲರಿಗೆ ಒಯ್ಯುತ್ತದೆ. ಅಷ್ಟಿದ್ದರೂ ತಾನಾಗಿ ಗೇರು ಬದಲಿಸುವ ಲಾರಿಗಳಲ್ಲಿ ವೇಗ ಬಂದ ಮೇಲೆ ಕನ್ವರ್ಟರಿನ ಎರಡು ಭಾಗಗಳನ್ನು ಒಂದುಗೂಡಿಸಲು ಲಾಕ್‌ಅಪ್ ಕ್ಲಚ್ಚೆಂಬ ಬೇರೆ ಕ್ಲಚ್ಚನ್ನೇ ಇಟ್ಟಿದ್ದಾರೆ, ಉಳಿದ ಜಾರುವಿಕೆಯೂ ಡೀಸೆಲ್ ತಿನ್ನಬಾರದೆಂದು. ನಮ್ಮ ಸಾಮಾನ್ಯ ಟ್ರ್ಯಾಕ್ಟರಿನ ಒಣ ಪ್ಲೇಟಿಗೆ ಎಣ್ಣೆಯೂ ಇಲ್ಲ, ಕೂಲರೂ ಇಲ್ಲ. ಹಾಫ್ ಕ್ಲಚ್ಚಿನಲ್ಲಿ ಎಳೆಸಿದರೆ ಶಾಖ ಪ್ಲೇಟಿನಲ್ಲೇ ಉಳಿಯುತ್ತದೆ.

ಕಬ್ಬು ತುಂಬಿದ ಟ್ರೇಲರಿನೊಂದಿಗೆ ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಬ್ರೇಕಿನಿಂದ ನಿಲ್ಲಿಸಿ, ಹಾಫ್ ಕ್ಲಚ್ಚಿನಿಂದಲ್ಲ. ಏರು ಶುರುವಾಗುವ ಮುಂಚೆಯೇ ತಗ್ಗಿನ ಗೇರಿಗೆ ಬನ್ನಿ. ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತದೆಂದು ಕ್ಲಚ್ಚು ತುಳಿದು ಬಿಡುವವರಿಗೆ ಪ್ಲೇಟಿನ ಮಾತು ಹಾಗಿರಲಿ, ಪ್ರಾಣದ ಮಾತು ಹೇಳಬೇಕು. ಕ್ಲಚ್ಚು ತುಳಿದೊಡನೆ ಎಂಜಿನ್ನಿನ ತಡೆ ಇಲ್ಲವಾಗುತ್ತದೆ, ಹಿಂದಿನ ಭಾರ ಟ್ರ್ಯಾಕ್ಟರನ್ನು ತಳ್ಳುತ್ತದೆ, ಬ್ರೇಕು ಒಂದೇ ಅದನ್ನು ಹಿಡಿಯಲಾರದು. ಟ್ರ್ಯಾಕ್ಟರು ಮಡಚಿಕೊಂಡು ಮಗುಚುವುದು ಹೀಗೆ. ಏರಿದ ಗೇರಿನಲ್ಲೇ ಇಳಿಯಿರಿ, ಕಾಲು ಕ್ಲಚ್ಚಿನಿಂದ ದೂರವಿರಲಿ.

ಎರಡು ಹಂತದ ಕ್ಲಚ್ಚಿದ್ದರೆ ಅರ್ಧ ತುಳಿದಾಗ ಚಕ್ರ ನಿಲ್ಲುತ್ತದೆ, ಪೂರ್ತಿ ತುಳಿದಾಗ ಪಿ.ಟಿ.ಓ. ಕೂಡ ನಿಲ್ಲುತ್ತದೆ. ಒಕ್ಕಣೆ ಯಂತ್ರ ನಡೆಸುತ್ತಾ ಅರ್ಧ ತುಳಿದುಕೊಂಡೇ ಕೂರಬೇಡಿ. ಗೇರು ನ್ಯೂಟ್ರಲ್ಲಿಗೆ ತಂದು ಕಾಲು ತೆಗೆಯಿರಿ. ಇಲ್ಲವಾದರೆ ರಿಲೀಸ್ ಬೇರಿಂಗು ಸವೆದು ಹೋಗುತ್ತದೆ.

ಎಣ್ಣೆ ಮತ್ತು ಕೆಸರು

ಪ್ಲೇಟಿಗೆ ಎಣ್ಣೆ ತಾಗಿದರೆ ಯಾವ ಹೊಂದಾಣಿಕೆಯೂ ಪ್ರಯೋಜನವಿಲ್ಲ. ಅನೇಕ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಪೆಟ್ಟಿಗೆಯ ಅಡಿಯಲ್ಲಿ ಒಂದು ರಂಧ್ರವೂ ಅದಕ್ಕೊಂದು ಮುಚ್ಚಳವೂ ಇರುತ್ತವೆ. ಗದ್ದೆಯಲ್ಲಿ ಕೆಸರು ಮಾಡಲು ಇಳಿಯುವ ಮುನ್ನ ಮುಚ್ಚಳ ಹಾಕಿ, ಕೆಲಸ ಮುಗಿದೊಡನೆ ತೆಗೆಯಿರಿ. ತೆಗೆದಾಗ ನೀರು ಬಂದರೆ ಒಣಗಲು ಬಿಡಿ. ಕಪ್ಪು ತೆಳು ಎಣ್ಣೆ ಬಂದರೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲು, ಮಂದವಾದ ಗೇರೆಣ್ಣೆ ಬಂದರೆ ಗೇರುಪೆಟ್ಟಿಗೆಯ ಮುಂದಿನ ಸೀಲು ಹೋಗಿದೆಯೆಂದು ತಿಳಿಯಬಹುದು. ಬೇರಿಂಗಿಗೆ ಗ್ರೀಸು ಹೊಡೆಯುವ ಮೊಳೆ ಇದ್ದರೆ ಪುಸ್ತಕದಲ್ಲಿ ಹೇಳಿದಷ್ಟೇ ಹೊಡೆಯಿರಿ. ಹೆಚ್ಚಾದ ಗ್ರೀಸು ಸಿಡಿದು ಸೇರುವುದು ಪ್ಲೇಟನ್ನೇ.

ಪ್ಲೇಟು ಬದಲಾಯಿಸಲೇಬೇಕಾದರೆ ಟ್ರ್ಯಾಕ್ಟರು ಬಿಚ್ಚಿರುವಾಗ ನೀವೂ ಹತ್ತಿರ ನಿಂತು ನೋಡಿ. ಫ್ಲೈವ್ಹೀಲಿನ ಮುಖದಲ್ಲಿ ನೀಲಿ ಕಲೆ, ಸಣ್ಣ ಬಿರುಕು ಇದ್ದರೆ ಹೊಸ ಪ್ಲೇಟೊಂದರಿಂದ ಕೆಲಸ ಸರಿಹೋಗದು. ಸೀಲುಗಳನ್ನೂ ರಿಲೀಸ್ ಬೇರಿಂಗನ್ನೂ ಆಗಲೇ ಪರೀಕ್ಷಿಸಿ, ಅನುಮಾನವಿದ್ದರೆ ಬದಲಾಯಿಸಿ. ಫಿಂಗರುಗಳ ಎತ್ತರ ಸಮವಾಗಿದೆಯೇ ಎಂದು ಅಳತೆ ಇಟ್ಟು ತೋರಿಸಲು ಹೇಳಿ. ಮನೆಗೆ ತಂದ ಮೇಲೆ ಮೊದಲ 10 ಗಂಟೆ ಹಗುರ ಕೆಲಸ ಮಾಡಿಸಿ, ಆ ದಿನಗಳಲ್ಲಿ ಪ್ರತಿ ಸಂಜೆ ಪ್ಲೇ ಅಳೆಯಿರಿ. ಮೇಲೆ ಹೇಳಿದ ರೈತರ ಟ್ರ್ಯಾಕ್ಟರಿನಲ್ಲಿ ನಾವು ಸರಳನ್ನು ಸರಿಪಡಿಸಿ ಒಂದು ಅಂಗುಲ ಪ್ಲೇ ಕೊಟ್ಟೆವು. ಅಳತೆಪಟ್ಟಿಯನ್ನು ಅವರು ಮಗನ ಶಾಲೆಯ ಚೀಲದಿಂದ ತಂದಿದ್ದರು. ಅದನ್ನು ಹಿಂದಕ್ಕೆ ಕೊಡದೆ ಟ್ರ್ಯಾಕ್ಟರಿನ ಸಾಮಾನು ಪೆಟ್ಟಿಗೆಗೇ ಹಾಕಿಕೊಂಡರು. ಮೂರನೆಯ ಪ್ಲೇಟು ಆ ಹಂಗಾಮು ಮುಗಿಸಿ ಮುಂದಿನ ಹಂಗಾಮಿಗೂ ಬಂತು.