ನೆಲಮಾಳಿಗೆಯ ರೇಡಾನ್: ಮೂಗಿಗೆ ತಿಳಿಯದ ಅಪಾಯ

ಅಮೆರಿಕದಲ್ಲಿರುವ ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಟಿದ್ದ ದಂಪತಿ ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಬಂದಿದ್ದರು. ಮಾತಿನ ನಡುವೆ ತಾಯಿ ಕೇಳಿದರು: "ಡಾಕ್ಟ್ರೇ, ಅಲ್ಲಿ ನಮಗೆ ಕೊಡೋದು ನೆಲದ ಕೆಳಗಿನ ರೂಮು. ಹೋದ ಸಲ ಮುಗ್ಗಲು ವಾಸನೆ ಹೊಡೀತಿತ್ತು. ಈಗ ಮಗ ತೇವ ಹೀರೋ ಮಿಷನ್ ಇಟ್ಟಿದ್ದಾನೆ, ವಾಸನೆ ಹೋಯ್ತಂತೆ. ಆದ್ರೂ ಅಲ್ಲಿ ಏನೋ ವಿಷಗಾಳಿ ಇರುತ್ತೆ ಅಂತಾರಲ್ಲ, ನಿಜವಾ?"

ಮಕ್ಕಳು ವಿದೇಶದಲ್ಲಿರುವ ಅನೇಕ ಮನೆಗಳಿಗೆ ಈ ಪ್ರಶ್ನೆ ಸಂಬಂಧಿಸಿದ್ದು. ಆ ಅನಿಲ ಇರುವುದು ನಿಜ. ಅದರ ಹೆಸರು ರೇಡಾನ್. ಆದರೆ ಅದಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ.

ಎಲ್ಲಿಂದ ಬರುತ್ತದೆ?

ಮಣ್ಣು ಮತ್ತು ಬಂಡೆಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಯುರೇನಿಯಂ ನಿಧಾನವಾಗಿ ಕ್ಷಯಿಸುತ್ತಾ ರೇಡಿಯಂ ಆಗಿ, ಅದರಿಂದ ರೇಡಾನ್ ಹುಟ್ಟುತ್ತದೆ. ಬಯಲಿನಲ್ಲಿ ಇದು ಗಾಳಿಯಲ್ಲಿ ಚದುರಿಹೋಗುತ್ತದೆ. ಆದರೆ ಚಳಿ ದೇಶಗಳಲ್ಲಿ ಕಿಟಕಿ ಬಾಗಿಲು ಮುಚ್ಚಿ ಮನೆಯನ್ನು ಬೆಚ್ಚಗಿಡುತ್ತಾರೆ. ಬಿಸಿ ಗಾಳಿ ಮೇಲೇರಿ ಹೊರಹೋದಂತೆ, ಮನೆಯು ಕೆಳಗಿನ ಮಣ್ಣಿನ ಗಾಳಿಯನ್ನು ನೆಲದ ಬಿರುಕು, ಪೈಪಿನ ಸಂದು, ನೀರಿನ ಗುಂಡಿಗಳ ಮೂಲಕ ಒಳಗೆಳೆದುಕೊಳ್ಳುತ್ತದೆ. ಹೀಗೆ ಬಂದ ರೇಡಾನ್ ನೆಲಮಾಳಿಗೆಯಲ್ಲಿ ಶೇಖರವಾಗುತ್ತದೆ.

ಅದೇ ಬಿರುಕುಗಳಿಂದ ತೇವವೂ ಬರಬಹುದು. ತೇವ ಹೀರುವ ಯಂತ್ರ ಮುಗ್ಗಲು ವಾಸನೆಯನ್ನು ತೆಗೆಯುತ್ತದೆಯೇ ಹೊರತು ರೇಡಾನನ್ನಲ್ಲ. ಒಣಗಿದ, ಸ್ವಚ್ಛವಾದ ನೆಲಮಾಳಿಗೆಯಲ್ಲೂ ರೇಡಾನ್ ಹೆಚ್ಚಿರಬಹುದು.

ಹಾನಿ ಹೇಗೆ?

ರೇಡಾನ್ ಕ್ಷಯಿಸಿದಾಗ ಉಂಟಾಗುವ ಪೊಲೋನಿಯಂ ಕಣಗಳು ಉಸಿರಿನೊಡನೆ ಹೋಗಿ ಶ್ವಾಸನಾಳದ ಒಳಪದರಕ್ಕೆ ಅಂಟುತ್ತವೆ. ಅವು ಹೊರಸೂಸುವ ವಿಕಿರಣ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಹಲವು ವರ್ಷಗಳ ನಂತರ ಇದು ಶ್ವಾಸಕೋಶದ ಕ್ಯಾನ್ಸರ್ ಆಗಬಹುದು. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯ ಅಂದಾಜಿನಂತೆ ಆ ದೇಶದಲ್ಲಿ ವರ್ಷಕ್ಕೆ ಸುಮಾರು 21,000 ಮಂದಿ ಇದರಿಂದ ಸಾಯುತ್ತಾರೆ. ಇವರಲ್ಲಿ ಸುಮಾರು 2,900 ಮಂದಿ ಎಂದೂ ಧೂಮಪಾನ ಮಾಡದವರು. ಸಿಗರೇಟು ಸೇದುವವರಿಗೆ ಅಪಾಯ ಅನೇಕ ಪಟ್ಟು ಹೆಚ್ಚು.

1984ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುವಿದ್ಯುತ್ ಕೇಂದ್ರದ ಎಂಜಿನಿಯರೊಬ್ಬರು ಹೋದಾಗಲೆಲ್ಲ ಅಲ್ಲಿಯ ವಿಕಿರಣ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತು. ತಪಾಸಣೆ ಮಾಡಿದರೆ ವಿಕಿರಣ ಬಂದಿದ್ದು ಕೇಂದ್ರದಿಂದಲ್ಲ, ಅವರ ಮನೆಯಿಂದ! ಅಲ್ಲಿ ಒಂದು ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ ರೇಡಾನ್ ಇತ್ತು. ದುರಸ್ತಿಯ ನಂತರ ಆ ಕುಟುಂಬ ಅದೇ ಮನೆಗೆ ಮರಳಿತು.

ಏನು ಮಾಡಬೇಕು?

ಅಳೆಯುವುದೊಂದೇ ದಾರಿ. ಇದ್ದಿಲು ತುಂಬಿದ ಸಣ್ಣ ಡಬ್ಬಿಯನ್ನು ಜನ ವಾಸಿಸುವ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ ಕೆಲವು ದಿನ ಇಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಆ ದಿನಗಳಲ್ಲಿ ಕಿಟಕಿಗಳು ಮುಚ್ಚಿರಬೇಕು. ಅಡುಗೆಮನೆ, ಬಚ್ಚಲಿನಲ್ಲಿ ಇಡಬಾರದು. ಫಲಿತಾಂಶ 4 ಪಿಕೋಕ್ಯೂರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿಪಡಿಸಿ ಎನ್ನುತ್ತದೆ ಆ ಸಂಸ್ಥೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಇನ್ನೂ ಕಡಿಮೆ, ಸುಮಾರು 2.7.

ಬಿರುಕು ಮುಚ್ಚಿದರಷ್ಟೇ ಸಾಲದು. ನೆಲದಡಿಯಿಂದ ಒಂದು ಪೈಪು ಎಳೆದು, ಫ್ಯಾನಿನ ಸಹಾಯದಿಂದ ಮಣ್ಣಿನ ಗಾಳಿಯನ್ನು ಛಾವಣಿಯ ಮೇಲೆ ಹೊರಬಿಡುವುದು ಪರಿಣಾಮಕಾರಿ. ನುರಿತವರಿಂದಲೇ ಮಾಡಿಸಬೇಕು.

ಕೆಲವು ತಿಂಗಳಿದ್ದು ಬರುವವರು ಗಾಬರಿಪಡಬೇಕಿಲ್ಲ. ಇದು ವರ್ಷಗಟ್ಟಲೆ ಉಸಿರಾಡಿದ್ದರ ಲೆಕ್ಕ. ನಿಜವಾದ ಚಿಂತೆ ಅಲ್ಲೇ ನೆಲೆಸಿರುವ ಮಕ್ಕಳು, ಮೊಮ್ಮಕ್ಕಳದು. ಅದರಲ್ಲೂ ದಿನವಿಡೀ ನೆಲಮಾಳಿಗೆಯಲ್ಲಿ ಕುಳಿತು ಕೆಲಸ ಮಾಡುವವರದು. ರೇಡಾನ್ ಸೇವಿಸಿದ ಕೂಡಲೇ ಕೆಮ್ಮು, ತಲೆನೋವು ಬರುವುದಿಲ್ಲ. ಆದ್ದರಿಂದ ಪರೀಕ್ಷೆ ಆಗಬೇಕಾದದ್ದು ರಕ್ತಕ್ಕಲ್ಲ, ಮನೆಗೆ.

ನಮ್ಮಲ್ಲಿ ನೆಲಮಾಳಿಗೆಯಲ್ಲಿ ಮಲಗುವವರು ಕಡಿಮೆ; ಕಿಟಕಿಯೂ ತೆರೆದಿರುತ್ತದೆ. ಈ ಗಾಳಿಯಾಟವೇ ರಕ್ಷಣೆ. ಹವಾನಿಯಂತ್ರಣಕ್ಕಾಗಿ ಸದಾ ಮುಚ್ಚಿಡುವವರು ಇದನ್ನು ನೆನಪಿಡಲಿ.

ಆ ತಾಯಿಗೆ ಹೇಳಿದೆ: "ಚಟ್ನಿಪುಡಿಯ ಜೊತೆ ಒಂದು ಪ್ರಶ್ನೆಯನ್ನೂ ಕೊಂಡೊಯ್ಯಿರಿ. ಮನೆಯ ರೇಡಾನ್ ಅಳೆಸಿದ್ದೀಯಾ ಅಂತ ಮಗನನ್ನು ಕೇಳಿ. ಸಿಗರೇಟು ಸೇದುತ್ತಿದ್ದರೆ ಅದನ್ನೂ ಬಿಡಿಸಿ."