ತಲೆಯ ಮೂಳೆ, ಕೈಕಾಲಿನ ಮೂಳೆ

ಹಸುಗೂಸಿನ ನೆತ್ತಿಯ ಮೇಲೆ ಮೆಲ್ಲನೆ ಬೆರಳಿಟ್ಟರೆ ಮೂಳೆಯಿಲ್ಲದ ಮೃದುವಾದ ಜಾಗವೊಂದು ತಿಳಿಯುತ್ತದೆ. ಅದೇ ಕೂಸಿನ ತೊಡೆಯ ಮೂಳೆಯ ನಡುವೆ ಅಂತಹ ಜಾಗವಿಲ್ಲ. ಈ ಭೇದವೇಕೆಂಬುದನ್ನು ತಾಯಿತಂದೆಯರು ತಿಳಿದಿರುವುದು ಒಳ್ಳೆಯದು.

ತಲೆಬುರುಡೆಯ ಮೇಲ್ಭಾಗದ ಚಪ್ಪಟೆ ಮೂಳೆಗಳು ತೆಳುವಾದ ಪೊರೆಯಲ್ಲಿ ನೇರವಾಗಿ ಹುಟ್ಟಿ, ಅಂಚುಗಳಲ್ಲಿ ಬೆಳೆಯುತ್ತವೆ. ಅವು ಕೂಡುವ ತನಕ ನೆತ್ತಿ ಮೃದುವಾಗಿದ್ದು, ಸಾಮಾನ್ಯವಾಗಿ 12ರಿಂದ 18 ತಿಂಗಳೊಳಗೆ ಮುಚ್ಚುತ್ತದೆ. ಕೈಕಾಲಿನ ಉದ್ದ ಮೂಳೆಗಳಾದರೋ ಗರ್ಭದಲ್ಲಿ ಮೊದಲು ಮೃದ್ವಸ್ಥಿಯ ಅಚ್ಚಾಗಿ ಮೂಡಿ, ಅನಂತರ ಗಟ್ಟಿಯಾಗುತ್ತವೆ. ತುದಿಗಳ ಬಳಿ ಉಳಿಯುವ ಮೃದ್ವಸ್ಥಿಯ ಪದರವೇ ಹರೆಯ ಮುಗಿಯುವವರೆಗೆ ಅವುಗಳನ್ನು ಉದ್ದವಾಗಿಸುತ್ತದೆ.

ಈ ಎರಡೂ ಬಗೆಯ ಮೂಳೆಗಳ ಜೀವಕೋಶಗಳಲ್ಲಿರುವ ಜೀನುಗಳು ಒಂದೇ. ಆದರೆ ಮನೆಯ ದೀಪಗಳನ್ನೆಲ್ಲ ಒಟ್ಟಿಗೆ ಹೊತ್ತಿಸದಂತೆ, ಆಯಾ ಸ್ಥಳಕ್ಕೆ ಬೇಕಾದ ಜೀನುಗಳು ಮಾತ್ರ ಅಲ್ಲಿ ಕೆಲಸ ಮಾಡುತ್ತವೆ. ಮೂಳೆ ಕಟ್ಟುವ ‘ರಂಕ್ಸ್-2’ ಎಂಬ ಜೀನು ಎರಡು ಕಡೆಯೂ ಅಗತ್ಯ. ಮೃದ್ವಸ್ಥಿಯ ಅಚ್ಚು ರೂಪಿಸಲು ‘ಸಾಕ್ಸ್-9’ ಬೇಕು. ಉದ್ದ ಮೂಳೆಯ ಮೃದ್ವಸ್ಥಿಯು ಮಿತಿಮೀರಿ ಬೆಳೆಯದಂತೆ ‘ಎಫ್‌ಜಿಎಫ್‌ಆರ್-3’ ಕಡಿವಾಣ ಹಾಕುತ್ತದೆ.

ಈ ಕೊನೆಯ ಜೀನಿನಲ್ಲಿ ಒಂದು ಸಣ್ಣ ಬದಲಾವಣೆಯಾದರೆ ಕಡಿವಾಣ ಅತಿಯಾಗಿ ಬಿಗಿಯುತ್ತದೆ. ತೋಳುತೊಡೆಗಳು ಗಿಡ್ಡವಾಗುತ್ತವೆ, ಪೊರೆಯಿಂದಾದ ತಲೆಬುರುಡೆಯ ಮೇಲ್ಭಾಗ ಮಾತ್ರ ಬೆಳೆದು ತಲೆ ದೊಡ್ಡದಾಗಿರುತ್ತದೆ. ಅಕಾಂಡ್ರೊಪ್ಲೇಸಿಯಾ ಎಂಬ ಈ ಸ್ಥಿತಿಯ ಕಾರಣ 1994ರಲ್ಲಿ ಪತ್ತೆಯಾಯಿತು.

ಇಂತಹ ಮಗು ಹುಟ್ಟಿದಾಗ ಗ್ರಹಣವನ್ನೋ ತಾಯಿಯ ಆಹಾರವನ್ನೋ ದೂರುವುದುಂಟು. ಇದು ತಪ್ಪು. ಈ ಮಕ್ಕಳಲ್ಲಿ ಸುಮಾರು ಶೇಕಡ 80ರಷ್ಟು ಮಂದಿಯ ತಾಯಿತಂದೆಯರು ಸಾಮಾನ್ಯ ಎತ್ತರದವರೇ. ಅಂಥವರಲ್ಲಿ ಬದಲಾವಣೆಯು ಹೊಸದಾಗಿ, ಬಹುತೇಕ ತಂದೆಯ ವೀರ್ಯಾಣುವಿನಲ್ಲಿ ಉಂಟಾಗಿರುತ್ತದೆ. ಅದು ತಂದೆಯ ತಪ್ಪೂ ಅಲ್ಲ. ಅಂತಹ ದಂಪತಿಗಳ ಮುಂದಿನ ಮಗುವಿನಲ್ಲಿ ಇದು ಮರುಕಳಿಸುವ ಸಂಭವ ಬಹಳ ಕಡಿಮೆ. ದಂಪತಿಗಳಲ್ಲಿ ಒಬ್ಬರಿಗೆ ಈ ಸ್ಥಿತಿಯಿದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವವುಂಟು.

ಈ ಮಕ್ಕಳ ಬುದ್ಧಿಶಕ್ತಿ ಸಾಮಾನ್ಯವಾಗಿ ಕುಂದಿರುವುದಿಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ತಲೆಬುರುಡೆಯ ತಳಭಾಗವು ಮೃದ್ವಸ್ಥಿಯಿಂದಲೇ ಆಗುವುದರಿಂದ, ಅಲ್ಲಿನ ರಂಧ್ರ ಕಿರಿದಾಗಿ ನರಗಳನ್ನು ಒತ್ತಬಹುದು. ನಿದ್ರೆಯಲ್ಲಿ ಉಸಿರು ನಿಂತುನಿಂತು ಬಂದರೆ, ಕೈಕಾಲು ತೀರ ಸೋತರೆ, ತಲೆ ಬಹುಬೇಗ ದೊಡ್ಡದಾಗುತ್ತಿದ್ದರೆ ಮಗುವನ್ನು ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಲಕ್ಷಣಗಳಿಲ್ಲದಿದ್ದರೂ ತಲೆಯ ಸುತ್ತಳತೆಯನ್ನು ತಪ್ಪದೆ ಅಳೆಸಿರಿ.

ತಾಯಿಯನ್ನು ದೂರುವುದರಲ್ಲಿ ಕಳೆದ ದಿನಗಳು ಮಗುವಿನ ಆರೈಕೆಗೆ ಸಲ್ಲಬೇಕಾಗಿದ್ದ ದಿನಗಳೆಂಬುದನ್ನು ಮರೆಯದಿರಿ.